ಸ್ಕ್ವಿಡ್ ಕ್ಯಾಶ್ ಸರ್ವರ್: ಮೊದಲು ಕಣ್ಣೆದುರು ಓಡಿಸಿ, ಆಮೇಲೆ ಎರಡು ಸಲ ಕೇಳಿ ನೋಡಿ

ನಾನು ನೋಡಿಕೊಳ್ಳುವ ಕಂಪ್ಯೂಟರ್ ಲ್ಯಾಬಿನಲ್ಲಿ 20 ಉಬುಂಟು ಮಷೀನುಗಳಿವೆ. ಇಂಟರ್ನೆಟ್ ಲೈನು ಒಂದೇ. ಒಂದು ಸಲದ ಅಪ್‌ಡೇಟ್ 300 ಎಂಬಿ ಅಂತ ಇಟ್ಟುಕೊಳ್ಳಿ, ಪ್ರತಿ ಮಷೀನೂ ತಾನೇ ಇಳಿಸಿಕೊಂಡರೆ 6 ಜಿಬಿ ಆಗುತ್ತದೆ, ಅದೂ ಅದೇ ಫೈಲುಗಳು, ಅದೇ ಲೈನಿನ ಮೇಲೆ, 20 ಸಲ. ಮನೆಯವರೆಲ್ಲ ಒಬ್ಬೊಬ್ಬರಾಗಿ ಸಂತೆಗೆ ಹೋಗಿ ಅದೇ ಈರುಳ್ಳಿ ತಂದ ಹಾಗೆ. ಒಬ್ಬರು ತಂದಿಟ್ಟರೆ ಸಾಕಲ್ವಾ? ಆ ಒಬ್ಬರ ಕೆಲಸವನ್ನು ಕ್ಯಾಶ್ ಸರ್ವರ್ ಮಾಡುತ್ತದೆ.

ನಾನು ಬಳಸುವುದು ಸ್ಕ್ವಿಡ್. ಹಾರ್ವೆಸ್ಟ್ ಅನ್ನುವ ಸಂಶೋಧನಾ ಯೋಜನೆಯ ಕೋಡಿನಿಂದ ಬೆಳೆದು, 1996ರಲ್ಲಿ ಡ್ವೇನ್ ವೆಸೆಲ್ಸ್ ಮುಂದಾಳುತನದಲ್ಲಿ ಹೊರಬಂದ ಪುಕ್ಕಟೆ ಸಾಫ್ಟ್‌ವೇರ್. ಹಳೆಯದು, ಗಟ್ಟಿ, ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಇದನ್ನು ಬರೆಯೋಕೆ ಒಂದು ಕಾರಣ ಇದೆ. ಮೊದಲ ಸಲ ಸ್ಕ್ವಿಡ್ ಹಾಕಿದಾಗ ಎಲ್ಲ ಮಷೀನಿಗೂ ಪ್ರಾಕ್ಸಿ (ನಡುವೆ ನಿಂತು ನೆಟ್‌ನಿಂದ ತಂದುಕೊಡುವ ಸರ್ವರ್) ವಿಳಾಸ ಕೊಟ್ಟೆ, ನೆಟ್ ಬಂತು, ಕ್ಯಾಶೂ ಕೆಲಸ ಮಾಡುತ್ತಿದೆ ಅಂತ ನಂಬಿದೆ. ತಿಂಗಳುಗಟ್ಟಲೆ ಆದ ಮೇಲೆ ಲಾಗ್, ಅಂದರೆ ಸ್ಕ್ವಿಡ್ ಬರೆದಿಡುವ ದಾಖಲೆ, ತೆಗೆದು ನೋಡಿದರೆ ದೊಡ್ಡ ಪ್ಯಾಕೇಜು ಒಂದೂ ಅದರಲ್ಲಿ ಉಳಿದಿರಲಿಲ್ಲ. ಪ್ರಾಕ್ಸಿ ಮೂಲಕ ನೆಟ್ ಬರುತ್ತಿದೆ ಅನ್ನುವುದೇ ಬೇರೆ, ಕ್ಯಾಶ್ ಹಿಡಿದಿಟ್ಟುಕೊಳ್ಳುತ್ತಿದೆ ಅನ್ನುವುದೇ ಬೇರೆ. ಎರಡನೆಯದನ್ನು ಕಣ್ಣಾರೆ ನೋಡುವವರೆಗೂ ನಂಬಬೇಡಿ. ಅದನ್ನು ನೋಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಕಮಾಂಡ್‌ಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಒಬ್ಬರಿಗೆ ಹೇಳಿಕೊಡುವ ಹಾಗೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಉಬುಂಟು ಮತ್ತು ಡೆಬಿಯನ್ ಇಟ್ಟುಕೊಂಡು ಹೇಳುತ್ತಿದ್ದೇನೆ.

ಹಾಕಿಕೊಳ್ಳುವುದು ಸುಲಭ:

ಸುಡೊ ಎಪಿಟಿ ಇನ್‌ಸ್ಟಾಲ್ ಸ್ಕ್ವಿಡ್

ಹಾಕಿದ ತಕ್ಷಣ ಅದು ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ಓಡೋಕೆ ಶುರುಮಾಡುತ್ತದೆ. ಅದನ್ನು ನಿಲ್ಲಿಸಿ:

ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಸ್ಕ್ವಿಡ್

ಯಾಕೆ ನಿಲ್ಲಿಸಬೇಕು? ಸರ್ವಿಸ್ ಆಗಿ ಓಡುವಾಗ ಅದು ಏನು ಗೊಣಗಿದರೂ ನಿಮಗೆ ಕೇಳಿಸುವುದಿಲ್ಲ. ಕಲಿಯುವಾಗ, ಸೆಟ್ಟಿಂಗ್ ಬದಲಿಸುವಾಗ, ಅದು ಟರ್ಮಿನಲ್‌ನಲ್ಲಿ ನಿಮ್ಮ ಕಣ್ಣೆದುರೇ ಓಡಬೇಕು. ಆದರೆ ಓಡಿಸುವ ಮೊದಲು ಸೆಟ್ಟಿಂಗ್ ಬರೆಯೋಣ.

ಮುಖ್ಯ ಫೈಲು /ಇಟಿಸಿ/ಸ್ಕ್ವಿಡ್/ಸ್ಕ್ವಿಡ್.ಕಾನ್ಫ್. ಸಾವಿರಾರು ಸಾಲು ಇದೆ, ಹೆಚ್ಚಿನವು ವಿವರಣೆ. ಅದನ್ನು ಜಾಸ್ತಿ ಕೆದಕಬೇಡಿ. ಪಕ್ಕದಲ್ಲೇ ಕಾನ್ಫ್.ಡಿ ಅನ್ನುವ ಫೋಲ್ಡರ್ ಇದೆ, ಅದರೊಳಗೆ ಲ್ಯಾಬ್.ಕಾನ್ಫ್ ಅಂತ ನಿಮ್ಮದೇ ಫೈಲು ಮಾಡಿ ಈ ಸಾಲುಗಳನ್ನು ಬರೆಯಿರಿ:

ಎಸಿಎಲ್ ಲ್ಯಾಬ್ ಎಸ್‌ಆರ್‌ಸಿ 192.168.1.0/24
ಎಚ್‌ಟಿಟಿಪಿ_ಆಕ್ಸೆಸ್ ಅಲೋ ಲ್ಯಾಬ್
ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ 1024 ಎಂಬಿ
ಕ್ಯಾಶ್_ಡಿಐಆರ್ ಯುಎಫ್‌ಎಸ್ /ವಿಎಆರ್/ಸ್ಪೂಲ್/ಸ್ಕ್ವಿಡ್ 20000 16 256

ಇದರಲ್ಲಿ ಎಂಬಿ ಮಾತ್ರ ದೊಡ್ಡಕ್ಷರ. ನಾಲ್ಕೇ ಸಾಲು, ಆದರೆ ಪ್ರತಿಯೊಂದರ ಹಿಂದೆಯೂ ಒಂದೊಂದು ಕಥೆ ಇದೆ.

ಮೊದಲ ಎರಡು ಸಾಲು ಯಾರಿಗೆ ಬಾಗಿಲು ತೆಗೆಯಬೇಕು ಅನ್ನುವುದು. ನಿಮ್ಮ ನೆಟ್‌ವರ್ಕಿನ ವಿಳಾಸ ಬೇರೆ ಇದ್ದರೆ ಅದನ್ನು ಹಾಕಿ. ಸ್ಕ್ವಿಡ್ ಈ ಅನುಮತಿ ಸಾಲುಗಳನ್ನು ಮೇಲಿಂದ ಕೆಳಗೆ ಓದುತ್ತದೆ, ಹೊಂದುವ ಮೊದಲ ಸಾಲು ಸಿಕ್ಕಿದ ಕೂಡಲೇ ತೀರ್ಮಾನ ಮಾಡಿ ಮುಂದೆ ಓದುವುದನ್ನೇ ಬಿಡುತ್ತದೆ. ಕೊನೆಯಲ್ಲಿ ಎಲ್ಲರನ್ನೂ ತಡೆಯುವ ಡಿನೈ ಆಲ್ ಸಾಲು ಇರುತ್ತದೆ. ನಿಮ್ಮ ಸಾಲು ಅದರ ಕೆಳಗೆ ಬಿದ್ದರೆ ಬರೆದೂ ಬರೆಯದ ಹಾಗೆ. ಕಾನ್ಫ್.ಡಿ ಫೋಲ್ಡರಿನ ಫೈಲುಗಳು ಅದಕ್ಕಿಂತ ಮೇಲೆಯೇ ಸೇರಿಕೊಳ್ಳುತ್ತವೆ, ಹಾಗಾಗಿ ಅಲ್ಲಿ ಬರೆದರೆ ಈ ತಾಪತ್ರಯ ಇಲ್ಲ. ಒಂದು ಮಾತು ಖಡಾಖಂಡಿತ: ಬೇಗ ಕೆಲಸ ಮುಗಿಯಲಿ ಅಂತ ಯಾವತ್ತೂ ಅಲೋ ಆಲ್ ಅಂತ ಬರೆಯಬೇಡಿ. ಆ ಮಷೀನಿಗೆ ಹೊರಗಿನಿಂದ ತಲುಪುವ ವಿಳಾಸ ಇದ್ದರೆ, ಗುರುತು ಪರಿಚಯ ಇಲ್ಲದವರೆಲ್ಲ ನಿಮ್ಮ ಹೆಸರಿನಲ್ಲಿ ನೆಟ್ ಬಳಸುತ್ತಾರೆ, ಅವರು ಮಾಡಿದ್ದಕ್ಕೆ ನೀವು ಉತ್ತರ ಹೇಳಬೇಕಾಗುತ್ತದೆ.

ಮೂರನೆಯ ಸಾಲೇ ನನಗೆ ತಿಂಗಳುಗಟ್ಟಲೆ ಕೈಕೊಟ್ಟಿದ್ದು. ಏನೂ ಬರೆಯದಿದ್ದರೆ ಸ್ಕ್ವಿಡ್ 4 ಎಂಬಿಗಿಂತ ದೊಡ್ಡ ಫೈಲನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುವುದೇ ಇಲ್ಲ. ಚಿಕ್ಕಪುಟ್ಟ ಪ್ಯಾಕೇಜು ಉಳಿಯುತ್ತದೆ, ಲೈನಿಗೆ ನಿಜವಾಗಿ ಭಾರವಾಗುವ ಕರ್ನಲ್, ಫರ್ಮ್‌ವೇರ್, ಆಫೀಸ್ ಇಂಥವೇ ಜಾರಿಹೋಗುತ್ತವೆ. ಈ ಸಾಲನ್ನು ಕ್ಯಾಶ್_ಡಿಐಆರ್ ಸಾಲಿಗಿಂತ ಮೇಲೆ ಬರೆಯಿರಿ. ಕೆಲವು ಆವೃತ್ತಿಗಳಲ್ಲಿ ಕೆಳಗೆ ಬರೆದರೆ ಆ ಡಿಸ್ಕಿಗೆ ಅದು ಲಾಗುವಾಗುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ.

ನಾಲ್ಕನೆಯದು ಜಾಗ. ಈ ಸಾಲು ಇಲ್ಲದಿದ್ದರೆ ಸ್ಕ್ವಿಡ್ ಬರೀ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೆ ಮೊದಲೇ ಗೊತ್ತುಮಾಡಿರುವ ಅಳತೆ 256 ಎಂಬಿ, ಅದರಲ್ಲೂ ಒಂದೊಂದು ಫೈಲಿಗೆ ಮಿತಿ 512 ಕೆಬಿ. ಮಷೀನು ಆಫ್ ಮಾಡಿದರೆ ಎಲ್ಲ ಹೋಯಿತು. 20000 ಅಂದರೆ ಸುಮಾರು 20 ಜಿಬಿ ಡಿಸ್ಕ್. 16 ಮತ್ತು 256 ಅಂದರೆ 16 ಫೋಲ್ಡರ್, ಪ್ರತಿಯೊಂದರೊಳಗೆ 256, ಒಟ್ಟು 4096, ಇದನ್ನು ಮುಟ್ಟೋಕೆ ಹೋಗಬೇಡಿ. ಡಿಸ್ಕ್ ಜಾಸ್ತಿ ಕೊಡುವ ಆಸೆ ಇದ್ದರೆ ಮೆಮೊರಿ ಲೆಕ್ಕವನ್ನೂ ಹಾಕಿ: 64 ಬಿಟ್ ಮಷೀನಿನಲ್ಲಿ ಪ್ರತಿ 1 ಜಿಬಿ ಡಿಸ್ಕ್ ಕ್ಯಾಶಿಗೆ ಸುಮಾರು 14 ಎಂಬಿ ರ‍್ಯಾಮ್ ಪಟ್ಟಿ ಇಟ್ಟುಕೊಳ್ಳುವುದಕ್ಕೇ ಬೇಕು. 20 ಜಿಬಿಗೆ 280 ಎಂಬಿ, ಅದರ ಮೇಲೆ ಆ 256. ಹಳೆಯ 2 ಜಿಬಿ ರ‍್ಯಾಮಿನ ಮಷೀನೂ ಇದನ್ನು ತಾಳಿಕೊಳ್ಳುತ್ತದೆ.

ಇನ್ನೊಂದು ಸಾಲು ಮುಖ್ಯ ಫೈಲಿನಲ್ಲೇ ಇದೆ. ರಿಫ್ರೆಶ್_ಪ್ಯಾಟರ್ನ್ ಅಂತ ಹುಡುಕಿ. ಡೆಬ್ ಪ್ಯಾಕೇಜಿಗೆ ಅಂತಲೇ ಒಂದು ಸಾಲನ್ನು ಡೆಬಿಯನ್‌ನವರು ಉದಾಹರಣೆಯಾಗಿ ಬರೆದು, ಮುಂದೆ ಹ್ಯಾಶ್ ಗುರುತು ಹಾಕಿ ಮಲಗಿಸಿಟ್ಟಿದ್ದಾರೆ. ಆ ಹ್ಯಾಶ್ ತೆಗೆಯಿರಿ. ಅದರಲ್ಲಿರುವ 129600 ನಿಮಿಷ ಅಂದರೆ 90 ದಿನ. ಡೆಬ್ ಫೈಲಿನ ಹೆಸರಲ್ಲೇ ಆವೃತ್ತಿ ಸಂಖ್ಯೆ ಇರುತ್ತದೆ, ಅದೇ ಹೆಸರಿನಲ್ಲಿ ಒಳಗಿನದು ಬದಲಾಗುವುದಿಲ್ಲ, ಹಾಗಾಗಿ 90 ದಿನ ಇಟ್ಟುಕೊಂಡರೂ ಅಪಾಯ ಇಲ್ಲ.

ಈಗ ಪರೀಕ್ಷೆ. ಮೊದಲು ಬರೆದಿದ್ದು ಸರಿಯಿದೆಯಾ ನೋಡಿ:

ಸುಡೊ ಸ್ಕ್ವಿಡ್ -ಕೆ ಪಾರ್ಸ್

ಇದು ಏನನ್ನೂ ಓಡಿಸುವುದಿಲ್ಲ, ಓದಿ ಹೇಳುತ್ತದೆ ಅಷ್ಟೇ. ತಪ್ಪಿದ್ದರೆ ಬಂಗಲ್ಡ್ ಅನ್ನುವ ಪದ, ಜೊತೆಗೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಬರುತ್ತದೆ. ಆ ಸಾಲಿಗೆ ಹೋಗಿ ಸರಿಮಾಡಿ. ಆಮೇಲೆ ಡಿಸ್ಕಿನ ಫೋಲ್ಡರುಗಳನ್ನು ಮಾಡಿಸಿ:

ಸುಡೊ ಸ್ಕ್ವಿಡ್ -ಎನ್ -ಜೆಡ್

ಎನ್ ದೊಡ್ಡಕ್ಷರ, ಜೆಡ್ ಸಣ್ಣದು. ಎನ್ ಅಂದರೆ ಹಿನ್ನೆಲೆಗೆ ಹೋಗಬೇಡ, ಇಲ್ಲೇ ಇರು ಅಂತ. ಅದು ಇಲ್ಲದೆ ಹೊಡೆದರೆ ಫೋಲ್ಡರ್ ಮಾಡುವ ಕೆಲಸ ಹಿಂದೆ ನಡೆಯುತ್ತಾ ಇರುವಾಗಲೇ ಪ್ರಾಂಪ್ಟ್ ವಾಪಸ್ ಬರಬಹುದು, ನೀವು ಮುಗಿಯಿತು ಅಂದುಕೊಂಡು ಸರ್ವರ್ ಶುರುಮಾಡಿ ಸಿಕ್ಕಿಹಾಕಿಕೊಳ್ಳಬಹುದು. ಅನುಮತಿ ಇಲ್ಲ ಅಂತ ಪರ್ಮಿಷನ್ ಡಿನೈಡ್ ಬಂದರೆ ಆ ಫೋಲ್ಡರಿನ ಒಡೆಯ ಯಾರು ನೋಡಿ. ಡೆಬಿಯನ್, ಉಬುಂಟುವಿನಲ್ಲಿ ಅದು ಪ್ರಾಕ್ಸಿ ಅನ್ನುವ ಯೂಸರ್ ಹೆಸರಿನಲ್ಲಿರಬೇಕು, ನೀವು ಸುಡೊ ಹಾಕಿ ಓಡಿಸಿದರೂ ಸ್ಕ್ವಿಡ್ ಆ ಯೂಸರ್ ಆಗಿಯೇ ಕೆಲಸ ಮಾಡುತ್ತದೆ.

ಇನ್ನು ಓಡಿಸಿ:

ಸುಡೊ ಸ್ಕ್ವಿಡ್ -ಎನ್ -ಡಿ1

ಮತ್ತೆ ಎನ್ ದೊಡ್ಡದು, ಡಿ ಸಣ್ಣದು. ಡಿ1 ಅಂದರೆ ಮುಖ್ಯ ಸಂದೇಶಗಳನ್ನು ಇದೇ ಪರದೆಗೆ ಹಾಕು ಅಂತ. ಸಾಲುಗಳು ಸರಸರ ಬರುತ್ತವೆ. ನಿಮಗೆ ಬೇಕಾದದ್ದು ಅಕ್ಸೆಪ್ಟಿಂಗ್ ಎಚ್‌ಟಿಟಿಪಿ ಅಂತ ಶುರುವಾಗಿ 3128 ಅನ್ನುವ ಪೋರ್ಟ್ ಇರುವ ಸಾಲು. ಅದು ಕಂಡರೆ ಬಾಗಿಲು ತೆಗೆದಿದೆ. ಅದರ ಬದಲು ಆಲ್ರೆಡಿ ರನ್ನಿಂಗ್ ಅಂತಲೋ, ಅಡ್ರೆಸ್ ಆಲ್ರೆಡಿ ಇನ್ ಯೂಸ್ ಅಂತಲೋ ಬಂದರೆ ಹಳೆಯ ಸರ್ವಿಸ್ ಇನ್ನೂ ಕೂತಿದೆ. ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ ಹೊಡೆದು 3128ನ್ನು ಯಾರು ಹಿಡಿದಿದ್ದಾರೆ ನೋಡಿ. ಕಂಟ್ರೋಲ್ ಸಿ ಒತ್ತಿದರೆ ಸ್ಕ್ವಿಡ್ ನಿಲ್ಲುತ್ತದೆ, ಯಾರಾದರೂ ಇನ್ನೂ ಇಳಿಸಿಕೊಳ್ಳುತ್ತಿದ್ದರೂ ಕಾಯುವುದಿಲ್ಲ.

ಪರೀಕ್ಷೆಗೆ ಹೊರಗಿನ ವೆಬ್‌ಸೈಟ್ ಬಳಸಬೇಡಿ ಅನ್ನುವುದು ನನ್ನ ಸಲಹೆ. ಆ ಸೈಟ್ ಏನು ನಿಯಮ ಇಟ್ಟಿದೆಯೋ ಗೊತ್ತಿಲ್ಲ, ನಡುವೆ ಇನ್ಯಾರದೋ ಕ್ಯಾಶ್ ಇರಬಹುದು. ನಿಮ್ಮದೇ ಚಿಕ್ಕ ಸರ್ವರ್ ಮಾಡಿಕೊಳ್ಳಿ. ಇನ್ನೊಂದು ಟರ್ಮಿನಲ್ ತೆಗೆದು ಖಾಲಿ ಫೋಲ್ಡರ್ ಒಂದಕ್ಕೆ ಹೋಗಿ, ಅಕ್ಕಿ.ಟಿಎಕ್ಸ್‌ಟಿ ಅಂತ ಫೈಲು ಮಾಡಿ, ಏನಾದರೂ ಎರಡು ಸಾಲು ಬರೆದು, ಹೀಗೆ ಹೊಡೆಯಿರಿ:

ಟಚ್ -ಡಿ "10 ಡೇಸ್ ಅಗೋ" ಅಕ್ಕಿ.ಟಿಎಕ್ಸ್‌ಟಿ
ಪೈಥಾನ್3 -ಎಮ್ ಎಚ್‌ಟಿಟಿಪಿ.ಸರ್ವರ್ 8000

ಆ ಟಚ್ ಸಾಲನ್ನು ಬಿಡಬೇಡಿ, ಅದರಲ್ಲೇ ಕ್ಯಾಶಿನ ಗುಟ್ಟಿದೆ. ಪೈಥಾನ್ ಸರ್ವರ್ ಈ ಫೈಲನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ಹೇಳುವುದಿಲ್ಲ, ಕೊನೆಗೆ ಯಾವಾಗ ತಿದ್ದಿದ್ದು ಅಂತ ಮಾತ್ರ ಹೇಳುತ್ತದೆ. ಆಗ ಸ್ಕ್ವಿಡ್ ತಾನೇ ಅಂದಾಜು ಮಾಡುತ್ತದೆ: ತಿದ್ದಿ ಎಷ್ಟು ದಿನವಾಯಿತೋ ಅದರ 20 ಪರ್ಸೆಂಟ್ ಕಾಲ ಇದು ತಾಜಾ, ಹೆಚ್ಚೆಂದರೆ 4320 ನಿಮಿಷ, ಅಂದರೆ 3 ದಿನ. ಬಹಳ ದಿನದಿಂದ ಬದಲಾಗದೆ ಇರುವುದು ಇನ್ನೂ ಸ್ವಲ್ಪ ದಿನ ಹಾಗೇ ಇದ್ದೀತು ಅನ್ನುವ ಲೆಕ್ಕ. 10 ದಿನದ ಹಳೆಯ ಫೈಲಾದರೆ 2 ದಿನ ತಾಜಾ. ಈಗತಾನೇ, 20 ಸೆಕೆಂಡ್ ಹಿಂದೆ ಮಾಡಿದ ಫೈಲಾದರೆ ಆ 20 ಸೆಕೆಂಡಿನ 20 ಪರ್ಸೆಂಟ್, ಬರೀ 4 ಸೆಕೆಂಡ್. ನೀವು ಎರಡನೆಯ ಸಲ ಕೇಳುವಷ್ಟರಲ್ಲಿ ಅದು ಹಳಸಿರುತ್ತದೆ, ಕ್ಯಾಶ್ ಕೆಟ್ಟಿದೆ ಅಂತ ನೀವು ತಲೆ ಕೆಡಿಸಿಕೊಳ್ಳುತ್ತೀರಿ.

ಮೂರನೆಯ ಟರ್ಮಿನಲ್‌ನಲ್ಲಿ ಲಾಗ್ ತೆಗೆದಿಡಿ:

ಸುಡೊ ಟೇಲ್ -ಎಫ್ /ವಿಎಆರ್/ಲಾಗ್/ಸ್ಕ್ವಿಡ್/ಆಕ್ಸೆಸ್.ಲಾಗ್

ನಾಲ್ಕನೆಯದರಲ್ಲಿ ಕೇಳಿ:

ಕರ್ಲ್ -ಎಸ್ -ಒ /ಡೆವ್/ನಲ್ -ಡಿ - -ಎಕ್ಸ್ ಎಚ್‌ಟಿಟಿಪಿ://127.0.0.1:3128 ಎಚ್‌ಟಿಟಿಪಿ://127.0.0.1:8000/ಅಕ್ಕಿ.ಟಿಎಕ್ಸ್‌ಟಿ

ಇಲ್ಲಿ ಡಿ ದೊಡ್ಡಕ್ಷರ, ಅದರ ಮುಂದೆ ಜಾಗ ಬಿಟ್ಟು ಒಂಟಿ ಅಡ್ಡಗೆರೆ, ಮತ್ತೆ ಜಾಗ. ಫೈಲನ್ನು ಬಿಸಾಡಿ ಹೆಡರ್, ಅಂದರೆ ಫೈಲಿನ ಮುಂದೆ ಬರುವ ವಿವರಗಳನ್ನು, ಮಾತ್ರ ತೋರಿಸು ಅಂತ ಅರ್ಥ. ಹೆಡರ್ ಅಷ್ಟೇ ಸಾಕು ಅಂತ ಕರ್ಲ್ -ಐ (ದೊಡ್ಡಕ್ಷರದ ಐ) ಬಳಸೋಕೆ ಹೋಗಬೇಡಿ. ಅದು ಗೆಟ್ ಅಲ್ಲ, ಹೆಡ್ ಅನ್ನುವ ಬೇರೆ ಥರದ ಕೋರಿಕೆ ಕಳಿಸುತ್ತದೆ, ಅದರಲ್ಲಿ ಫೈಲೇ ಬರುವುದಿಲ್ಲ, ಫೈಲೇ ಬರದೆ ಕ್ಯಾಶ್ ಏನನ್ನು ಇಟ್ಟುಕೊಳ್ಳಬೇಕು? ಹತ್ತು ಸಲ ಹೊಡೆದರೂ ಮಿಸ್, ಅಂದರೆ ಕ್ಯಾಶಿನಲ್ಲಿ ಇಲ್ಲ, ಅಂತಲೇ ಬರುತ್ತದೆ. ನಾನೂ ಇದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಮೊದಲ ಸಲ ಲಾಗಿನಲ್ಲಿ ಟಿಸಿಪಿ_ಮಿಸ್/200 ಬರಬೇಕು, ಕೊನೆಯ ಕಡೆ ಎಚ್‌ಐಇಆರ್_ಡೈರೆಕ್ಟ್ ಇರಬೇಕು, ಹೊರಗೆ ಹೋಗಿ ತಂದೆ ಅಂತ. ಪೈಥಾನ್ ಕಿಟಕಿಯಲ್ಲೂ ಒಂದು ಗೆಟ್ ಸಾಲು ಬೀಳುತ್ತದೆ. ಈಗ ಮೇಲಿನ ಬಾಣದ ಕೀ ಒತ್ತಿ ಅದೇ ಕಮಾಂಡ್ ಮತ್ತೆ ಹೊಡೆಯಿರಿ. ಲಾಗಿನಲ್ಲಿ ಟಿಸಿಪಿ_ಮೆಮ್_ಹಿಟ್/200, ಕೊನೆಯಲ್ಲಿ ಎಚ್‌ಐಇಆರ್_ನನ್. ಹೆಡರಿನಲ್ಲಿ ಏಜ್ ಅಂತ ಒಂದು ಸಾಲು, ಎಷ್ಟು ಸೆಕೆಂಡಿನಿಂದ ಇಟ್ಟುಕೊಂಡಿದ್ದೇನೆ ಅಂತ. ಹಳೆಯ ಆವೃತ್ತಿಗಳಲ್ಲಿ ಎಕ್ಸ್-ಕ್ಯಾಶ್ ಸಾಲಿನಲ್ಲಿ, ಹೊಸದರಲ್ಲಿ ಕ್ಯಾಶ್-ಸ್ಟೇಟಸ್ ಸಾಲಿನಲ್ಲಿ ಹಿಟ್ ಅನ್ನುವ ಪದವೂ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಪೈಥಾನ್ ಕಿಟಕಿ. ಅಲ್ಲಿ ಎರಡನೆಯ ಸಾಲು ಬಿದ್ದಿಲ್ಲ. ಫೈಲು ನಿಮ್ಮ ಕೈಗೆ ಬಂತು, ಆದರೆ ಮೂಲದ ಸರ್ವರನ್ನು ಯಾರೂ ಕೇಳಲೇ ಇಲ್ಲ. ಆ ಮೌನ ನೋಡಿದಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ.

ಅನುಮಾನ ಬಂದರೆ ಟಚ್ ಅಕ್ಕಿ.ಟಿಎಕ್ಸ್‌ಟಿ ಅಂತ ಮಾತ್ರ ಹೊಡೆದು ಫೈಲಿನ ತಾರೀಖನ್ನು ಈಗಿನದಕ್ಕೆ ತಂದು, ಕರ್ಲ್‌ಗೆ -ಎಚ್ "ಕ್ಯಾಶ್-ಕಂಟ್ರೋಲ್: ನೋ-ಕ್ಯಾಶ್" ಸೇರಿಸಿ ಒಂದು ಸಲ ಕೇಳಿ. ಈ ಎಚ್ ದೊಡ್ಡಕ್ಷರ. ಇಟ್ಟುಕೊಂಡಿದ್ದು ಬೇಡ, ಹೊಸದೇ ತಾ ಅಂತ ಅದರ ಅರ್ಥ. ಲಾಗಿನಲ್ಲಿ ಟಿಸಿಪಿ_ಕ್ಲೈಂಟ್_ರಿಫ್ರೆಶ್_ಮಿಸ್ ಕಾಣುತ್ತದೆ. ಒಂದರ್ಧ ನಿಮಿಷ ಬಿಟ್ಟು ಮಾಮೂಲಿಯಾಗಿ ಕೇಳಿದರೆ ಟಿಸಿಪಿ_ರಿಫ್ರೆಶ್_ಅನ್‌ಮಾಡಿಫೈಡ್ ಬರುತ್ತದೆ, ಪೈಥಾನ್ ಕಡೆ 304 ಬೀಳುತ್ತದೆ. ಅಂದರೆ ಸ್ಕ್ವಿಡ್ ಹೋಗಿ ಬದಲಾಗಿದೆಯಾ ಅಂತ ಕೇಳಿತು, ಇಲ್ಲ ಅಂತ ಉತ್ತರ ಬಂತು, ತನ್ನಲ್ಲಿದ್ದದ್ದನ್ನೇ ಕೊಟ್ಟಿತು. ಇದು ತಪ್ಪಲ್ಲ, ಇದೂ ಉಳಿತಾಯವೇ.

ಮುಂದಿನ ಪರೀಕ್ಷೆ ಡಿಸ್ಕಿನದು. ಟಚ್‌ನಿಂದ ಮತ್ತೆ 10 ದಿನ ಹಳೆಯದು ಮಾಡಿ, ನೋ-ಕ್ಯಾಶ್ ಹಾಕಿ ಒಂದು ಸಲ ತರಿಸಿ, ಆಮೇಲೆ ಕಂಟ್ರೋಲ್ ಸಿ ಒತ್ತಿ ಸ್ಕ್ವಿಡ್ ನಿಲ್ಲಿಸಿ, ಮತ್ತೆ ಶುರುಮಾಡಿ, ಮಾಮೂಲಿಯಾಗಿ ಕೇಳಿ. ಈಗ ಟಿಸಿಪಿ_ಹಿಟ್ ಅಂತ ಬರಬೇಕು, ನಡುವೆ ಮೆಮ್ ಇರಬಾರದು. ಮೆಮೊರಿ ಖಾಲಿಯಾಗಿತ್ತು, ಡಿಸ್ಕಿನಿಂದ ತೆಗೆದುಕೊಟ್ಟಿತು ಅಂತ ಅರ್ಥ. ಮಿಸ್ ಬಂದರೆ ಕ್ಯಾಶ್_ಡಿಐಆರ್ ಸಾಲು ಕೆಲಸ ಮಾಡುತ್ತಿಲ್ಲ.

ಇಷ್ಟಾದ ಮೇಲೆ ನಿಜವಾದ ಮಷೀನುಗಳು. ಪ್ರತಿ ಉಬುಂಟುವಿನಲ್ಲೂ /ಇಟಿಸಿ/ಎಪಿಟಿ/ಎಪಿಟಿ.ಕಾನ್ಫ್.ಡಿ/01ಪ್ರಾಕ್ಸಿ ಅಂತ ಫೈಲು ಮಾಡಿ ಒಂದೇ ಸಾಲು ಬರೆಯಿರಿ:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.10:3128";

ಈ ಸಾಲಿನಲ್ಲಿ ಅಕ್ವೈರ್ ಮತ್ತು ಪ್ರಾಕ್ಸಿ ಪದಗಳ ಮೊದಲಕ್ಷರ ದೊಡ್ಡದು. ಕೊನೆಯ ಸೆಮಿಕೋಲನ್ ಮರೆಯಬೇಡಿ. ವಿಳಾಸ ನಿಮ್ಮ ಸ್ಕ್ವಿಡ್ ಮಷೀನಿನದು. ಆಮೇಲೆ ಒಂದು ಮಷೀನಿನಲ್ಲಿ ಎಪಿಟಿ-ಗೆಟ್ ಡೌನ್‌ಲೋಡ್ ಲಿನಕ್ಸ್-ಫರ್ಮ್‌ವೇರ್ ಹೊಡೆಯಿರಿ, ನೂರಾರು ಎಂಬಿಯ ಪ್ಯಾಕೇಜು, ಮಿಸ್ ಬರುತ್ತದೆ. ಅದು ಪೂರ್ತಿ ಮುಗಿದ ಮೇಲೆ ಇನ್ನೊಂದು ಮಷೀನಿನಲ್ಲಿ ಅದೇ ಹೊಡೆಯಿರಿ. ಅದೇ ಮಷೀನಿನಲ್ಲಿ ಎರಡು ಸಲ ಬೇಡ, ಇಳಿಸಿದ ಫೈಲು ಅಲ್ಲೇ ಇರುವುದರಿಂದ ಸ್ಕ್ವಿಡ್ ತನಕ ಕೋರಿಕೆ ಬರುವುದೇ ಇಲ್ಲ. ಎರಡನೆಯ ಮಷೀನಿನಲ್ಲಿ ನಿಮ್ಮ ಒಳಗಿನ ನೆಟ್‌ವರ್ಕಿನ ವೇಗದಲ್ಲಿ ಫೈಲು ಇಳಿಯುವುದನ್ನು ನೋಡಿ.

ಎರಡನೆಯದೂ ಮಿಸ್ ಬಂದರೆ ಲಾಗಿನಲ್ಲಿ ಎರಡೂ ವಿಳಾಸಗಳನ್ನು ಅಕ್ಷರ ಅಕ್ಷರ ಹೋಲಿಸಿ. ಸ್ಕ್ವಿಡ್ ಫೈಲನ್ನು ಗುರುತಿಸುವುದು ಪೂರ್ತಿ ವಿಳಾಸದಿಂದ. ನಮ್ಮ ಲ್ಯಾಬಿನಲ್ಲಿ ಅರ್ಧ ಮಷೀನುಗಳು ಇನ್.ಆರ್ಕೈವ್.ಉಬುಂಟು.ಕಾಮ್ ಅಂತಲೂ, ಉಳಿದವು ಮುಂದೆ ಇನ್ ಇಲ್ಲದೆಯೂ ಇದ್ದವು. ನಮಗೆ ಎರಡೂ ಒಂದೇ ಪ್ಯಾಕೇಜು, ಸ್ಕ್ವಿಡ್‌ಗೆ ಬೇರೆ ಬೇರೆ. ಎಲ್ಲ ಮಷೀನಿನ ಮೂಲ ಪಟ್ಟಿಯನ್ನೂ ಒಂದೇ ಮಾಡಿ. ಎಲ್ಲವೂ ಬೆಳಿಗ್ಗೆ ಒಟ್ಟಿಗೆ ಅಪ್‌ಡೇಟ್ ಕೇಳುವ ಹಾಗಿದ್ದರೆ ಲ್ಯಾಬ್.ಕಾನ್ಫ್‌ಗೆ ಕೊಲ್ಯಾಪ್ಸ್ಡ್_ಫಾರ್ವರ್ಡಿಂಗ್ ಆನ್ ಅಂತಲೂ ಸೇರಿಸಿ, ಇಲ್ಲದಿದ್ದರೆ ಮೊದಲನೆಯದಕ್ಕೆ ಉತ್ತರ ಬರೋಕೆ ಶುರುವಾಗುವ ಮುಂಚೆ ಕೇಳಿದವರಿಗೆಲ್ಲ ಸ್ಕ್ವಿಡ್ ಬೇರೆಬೇರೆಯಾಗಿ ತರೋಕೆ ಹೋಗುತ್ತದೆ.

ಎಚ್‌ಟಿಟಿಪಿಎಸ್ ವಿಷಯ ತುಂಬ ಜನ ಕೇಳುತ್ತಾರೆ. ಲಾಗಿನಲ್ಲಿ ಟಿಸಿಪಿ_ಟನಲ್ ಅಂತ ಕಂಡರೆ ಅದು ಎಚ್‌ಟಿಟಿಪಿಎಸ್, ಒಳಗೆ ಏನಿದೆ ಅಂತ ಸ್ಕ್ವಿಡ್‌ಗೆ ಕಾಣುವುದಿಲ್ಲ, ಹಾಗಾಗಿ ಇಟ್ಟುಕೊಳ್ಳುವುದೂ ಇಲ್ಲ. ಯೂಟ್ಯೂಬ್ ವಿಡಿಯೊ ಇದರಿಂದ ಉಳಿಯುವುದಿಲ್ಲ. ಬಿಚ್ಚಿ ನೋಡುವ ದಾರಿ ಇದೆ, ಆದರೆ ಅದಕ್ಕೆ ಎಲ್ಲರ ಮಷೀನಿನಲ್ಲೂ ನಿಮ್ಮದೇ ಸರ್ಟಿಫಿಕೇಟ್ ಹಾಕಬೇಕು, ಆಗ ಅವರ ಪಾಸ್‌ವರ್ಡು, ಬ್ಯಾಂಕು ಎಲ್ಲವೂ ನಿಮ್ಮ ಸರ್ವರಿನಲ್ಲಿ ಬಿಚ್ಚಿಕೊಳ್ಳುತ್ತದೆ. ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಉಬುಂಟು, ಡೆಬಿಯನ್ ಪ್ಯಾಕೇಜುಗಳು ಸಾಮಾನ್ಯವಾಗಿ ಬರೀ ಎಚ್‌ಟಿಟಿಪಿಯಲ್ಲೇ ಬರುತ್ತವೆ, ಅಸಲಿತನವನ್ನು ಸಹಿಯಿಂದ ಎಪಿಟಿಯೇ ಪರೀಕ್ಷಿಸುತ್ತದೆ. ಅದಕ್ಕೇ ಈ ಕೆಲಸಕ್ಕೆ ಸ್ಕ್ವಿಡ್ ಚೆನ್ನಾಗಿ ಹೊಂದುತ್ತದೆ. ಪ್ಯಾಕೇಜು ಬಿಟ್ಟು ಬೇರೇನೂ ಬೇಡ ಅನ್ನುವವರು ಎಪಿಟಿ-ಕ್ಯಾಶರ್-ಎನ್‌ಜಿ ನೋಡಬಹುದು, ಅದರ ಪೋರ್ಟ್ 3142.

ಬಾಗಿಲು ಮುಚ್ಚಿದೆಯಾ ಅನ್ನುವುದನ್ನೂ ಪರೀಕ್ಷಿಸಿ. ಲ್ಯಾಬಿನ ಗುಂಪಿಗೆ ಸೇರದ ಮಷೀನಿನಿಂದ, -ಎಕ್ಸ್ ಮುಂದಿನ 127.0.0.1 ಬದಲು ಸ್ಕ್ವಿಡ್ ಮಷೀನಿನ ವಿಳಾಸ ಹಾಕಿ, ಅದೇ ಕರ್ಲ್ ಹೊಡೆಯಿರಿ, ಟಿಸಿಪಿ_ಡಿನೈಡ್/403 ಬರಬೇಕು, ಇಲ್ಲವೇ ಸಂಪರ್ಕವೇ ಸಿಗಬಾರದು. ಮೊಬೈಲ್ ಹಾಟ್‌ಸ್ಪಾಟಿನಿಂದ ನಿಮ್ಮ ಹೊರಗಿನ ವಿಳಾಸಕ್ಕೂ ಒಂದು ಸಲ ಪ್ರಯತ್ನಿಸಿ.

ಎಲ್ಲ ಸರಿಯಾದ ಮೇಲೆ ಕಂಟ್ರೋಲ್ ಸಿ, ಆಮೇಲೆ ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಸ್ಕ್ವಿಡ್. ಇನ್ನು ಸೆಟ್ಟಿಂಗ್ ಬದಲಿಸಿದರೆ ಮೊದಲು -ಕೆ ಪಾರ್ಸ್, ಆಮೇಲೆ -ಕೆ ರೀಕಾನ್ಫಿಗರ್. ಒಂದು ವಾರ ಬಿಟ್ಟು ಲೆಕ್ಕ ಕೇಳಿ:

ಕರ್ಲ್ ಎಚ್‌ಟಿಟಿಪಿ://127.0.0.1:3128/ಸ್ಕ್ವಿಡ್-ಇಂಟರ್ನಲ್-ಎಮ್‌ಜಿಆರ್/ಇನ್ಫೊ

ಹಳೆಯ ಲೇಖನಗಳಲ್ಲಿ ಸ್ಕ್ವಿಡ್‌ಕ್ಲೈಂಟ್ ಅಂತ ಇರುತ್ತದೆ, 7ನೇ ಆವೃತ್ತಿಯಿಂದ ಅದನ್ನು ತೆಗೆದಿದ್ದಾರೆ, ಕರ್ಲ್ ಸಾಕು. ಬರುವ ಪಟ್ಟಿಯಲ್ಲಿ ಹಿಟ್ಸ್ ಅಂತ ಎರಡು ಸಾಲು ಹುಡುಕಿ, ಒಂದು ಕೋರಿಕೆಗಳ ಲೆಕ್ಕ, ಇನ್ನೊಂದು ಬೈಟ್‌ಗಳದು. ಅವು ಕಳೆದ 5 ಮತ್ತು 60 ನಿಮಿಷದ ಲೆಕ್ಕ, ಹಾಗಾಗಿ ಲ್ಯಾಬ್ ಅಪ್‌ಡೇಟ್ ಆಗುತ್ತಿರುವಾಗಲೇ ನೋಡಿ. ನನಗೆ ಮುಖ್ಯ ಬೈಟ್‌ಗಳದ್ದು, ಲೈನಿನ ಭಾರ ಇಳಿಯುವುದು ಅದರಿಂದ.

ನಮ್ಮ ಕಡೆ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ, ಅದಕ್ಕೂ ಒಂದು ಪರೀಕ್ಷೆ ಮಾಡಿಡಿ. ಸರ್ವಿಸ್ ನಿಲ್ಲಿಸಿ, ಮೊದಲಿನ ಹಾಗೆ ಕಣ್ಣೆದುರು ಓಡಿಸಿ, ಅಕ್ಕಿ.ಟಿಎಕ್ಸ್‌ಟಿಯನ್ನು ನೋ-ಕ್ಯಾಶ್ ಹಾಕಿ ಒಂದು ಸಲ ತರಿಸಿ, ಇನ್ನೊಂದು ಟರ್ಮಿನಲ್‌ನಿಂದ ಕಿಲ್ -9 ಹಾಕಿ ಸ್ಕ್ವಿಡನ್ನು ಸಾಯಿಸಿ. ಮತ್ತೆ ಶುರುಮಾಡಿದಾಗ ರೀಬಿಲ್ಡಿಂಗ್ ಸ್ಟೋರೇಜ್ ಅನ್ನುವ ಸಾಲಿನ ಕೊನೆಯಲ್ಲಿ ಕ್ಲೀನ್ ಬದಲು ಡರ್ಟಿ ಲಾಗ್ ಅಂತ ಇರುತ್ತದೆ, ಅಂದರೆ ಹಿಂದಿನ ಸಲ ಸರಿಯಾಗಿ ಮುಚ್ಚದೆ ನಿಂತಿತ್ತು, ಈಗ ಡಿಸ್ಕಿನಲ್ಲಿರುವುದರ ಪಟ್ಟಿಯನ್ನು ಮತ್ತೆ ಕಟ್ಟುತ್ತಿದೆ. ಕ್ಯಾಶ್ ತುಂಬಿದ್ದರೆ ಇದಕ್ಕೆ ಹೊತ್ತು ಹಿಡಿಯುತ್ತದೆ. ಫಿನಿಶ್ಡ್ ರೀಬಿಲ್ಡಿಂಗ್ ಅಂತ ಬರುವ ತನಕ ಕಾದು, ಮತ್ತೆ ಅಕ್ಕಿ.ಟಿಎಕ್ಸ್‌ಟಿ ಕೇಳಿ, ಪೈಥಾನ್ ಕಿಟಕಿ ನೋಡಿ.